ಜಗುಲಿಯ ಮೇಲೆ ಕಾರಿನ ಚಾವಿ

ಸೋಮವಾರ ನಾನು ದೇವರ ಜಗುಲಿ ತೊಳೆಯುವ ದಿನ. ಅವತ್ತು ನಲ್ಲಿಯಲ್ಲಿ ನೀರು ಬೇಗ ಬಂದಿತ್ತು, ಶಿವನ ದಯೆ. ಒಂಬತ್ತರೊಳಗೆ ತಂಬಿಗೆ, ಗಂಟೆ, ಆರತಿ ತಟ್ಟೆ ಎಲ್ಲವೂ ಹಿತ್ತಲ ಕಲ್ಲಿನ ಮೇಲೆ ಸಾಲಾಗಿ ಕೂತಿದ್ದವು. ಹುಣಸೆಹಣ್ಣು ಹಚ್ಚಿ ಒಂದೊಂದನ್ನೇ ತಿಕ್ಕುತ್ತಾ ಬಂದೆ. ಕೊನೆಗೆ ಕೈಗೆ ಸಿಕ್ಕಿದ್ದು ಮೂರು ಚಾವಿಗಳ ಗೊಂಚಲು. ದೇವರ ಸಾಮಾನಿನ ಜೊತೆ ಪಕ್ಕದ ಮನೆಯ ಕಾರಿನ ಚಾವಿಗೂ ಹುಣಸೆಹಣ್ಣು ಹಚ್ಚುವ ಹೆಂಗಸು ಇಡೀ ಶಹಾಪುರದಲ್ಲಿ ನಾನೊಬ್ಬಳೇ ಇರಬೇಕು. ಜಗುಲಿಯ ಮೇಲೆ ಇದ್ದದ್ದೆಲ್ಲ ಸೋಮವಾರ ತೊಳೆಯಲೇಬೇಕು ಎಂಬುದು ನನ್ನ ರೂಢಿ. ಅದರ ಮೇಲೆ ಏನಿರಬೇಕು ಏನಿರಬಾರದು ಎಂದು ಯೋಚಿಸುವ ರೂಢಿ ಮಾತ್ರ ತಡವಾಗಿ ಬಂತು.

ನಮ್ಮ ಮನೆಯವರು ಫೋನು ಹಿಡಿದುಕೊಂಡೇ ಹಿತ್ತಲಿಗೆ ಬಂದರು.

"ಕಾರಿನ ಸಾಹೇಬ್ರು ಹ್ವಾದ್ರಂತ. ಯಾದಗಿರಿಯಾಗ, ಮಗಳ ಮನ್ಯಾಗ. ಮುಂಜಾನೆ ಚಹಾ ಕುಡದು ಕುರ್ಚಿ ಮ್ಯಾಲ ಕುಂತಾರ, ಕುಂತಂಗೇ ಹೋಗ್ಯಾರ."

ನನ್ನ ಕೈಯಲ್ಲಿ ಅವರ ಚಾವಿ ಹುಳಿನೀರು ಸುರಿಸುತ್ತಿತ್ತು.

ಸತ್ತವರ ಬಗ್ಗೆ ಕೆಟ್ಟ ಮಾತು ಆಡಬಾರದು ಎಂದು ನಮ್ಮವ್ವ ಕಲಿಸಿದ್ದಾಳೆ. ಅದಕ್ಕೇ ನಾನು ಅವರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅವರ ಕಾರಿನ ಬಗ್ಗೆ ಹೇಳುತ್ತೇನೆ. ಅವರನ್ನು ಬಲ್ಲವರಿಗೆ ಎರಡೂ ಒಂದೇ.

ಅವರು ಸರ್ಕಾರಿ ಗೋದಾಮಿನ ಉಸ್ತುವಾರಿಯಾಗಿದ್ದು ನಿವೃತ್ತರಾದವರು. ಕೆಲಸದಲ್ಲಿದ್ದಷ್ಟು ದಿನ ಬಲಗಡೆ ಸೊಂಟಕ್ಕೆ ತೆಂಗಿನಕಾಯಿಯಷ್ಟು ದಪ್ಪದ ಚಾವಿ ಗೊಂಚಲು ಕಟ್ಟಿಕೊಂಡೇ ತಿರುಗಿದರು. ಅದನ್ನು ಒಪ್ಪಿಸಿ ಮನೆಗೆ ಬಂದ ಮೇಲೆ ಎಡಗಡೆ ವಾಲಿಕೊಂಡು ನಡೆಯತೊಡಗಿದರು. ಮನೆಯಲ್ಲಿ ಕಾಯುವಂಥದ್ದು ಏನೂ ಇರಲಿಲ್ಲ. ತಿಂಗಳೊಳಗೆ ಒಂದು ಹಳೆಯ ಬಿಳಿ ಕಾರು ಕೊಂಡು ತಂದರು. ಇವರದು ಮೂರನೆಯ ಕೈ. ಬಾಗಿಲ ಕೆಳಗೆಲ್ಲ ತುಕ್ಕು, ಕಿಟಕಿ ಇಳಿಸಿದರೆ ಏರುವುದಿಲ್ಲ, ಏರಿಸಿದರೆ ಇಳಿಯುವುದಿಲ್ಲ.

"ಇದನ್ನ ಕದ್ದವ ತಳ್ಳಕೊಂಡು ಒಯ್ಯಬೇಕಾಗ್ತದ್ರಿ," ಎಂದು ನಮ್ಮ ಮನೆಯವರು ಮೊದಲ ದಿನವೇ ಅಂದುಬಿಟ್ಟರು.

ಸಾಹೇಬರು ನಗಲಿಲ್ಲ. "ನಗಬ್ಯಾಡ್ರಿ. ಹೊಸಾ ಕಾರಿಗೆ ಕಂಪನಿಯವ್ರೇ ಒಳಗ ಕಾವಲಿ ಇಟ್ಟಿರ್ತಾರ, ಅದರದೇ ಚಾವಿ ಬೇಕು. ಹಳೇ ಕಾರಿಗೆ ಏನದ? ಒಂದು ಸ್ಕ್ರೂಡ್ರೈವರ್ ಇದ್ರ ಸಾಕು, ಚಾಲೂ ಆತು. ಬಿಚ್ಚಿ ಮಾರಿದ್ರ ಒಂದೊಂದು ಸಾಮಾನಿಗೂ ಗಿರಾಕಿ ಅದಾರ. ಕಳ್ಳಗ ಹಳೇ ಕಾರೇ ಪ್ರೀತಿ."

ಆ ಮಾತು ಸುಳ್ಳಲ್ಲ ಎಂದು ಆಮೇಲೆ ನಮ್ಮ ಓಣಿಯ ಮೆಕ್ಯಾನಿಕ್ ಚಾಚಾ ಕೂಡ ಹೇಳಿದ. ಸಾಹೇಬರ ತಿಳಿವಳಿಕೆಯಲ್ಲಿ ಎಂದೂ ತಪ್ಪು ಇರಲಿಲ್ಲ. ಅದನ್ನು ಎಲ್ಲಿ ನಿಲ್ಲಿಸಬೇಕು ಎಂಬುದೊಂದು ಅವರಿಗೆ ತಿಳಿಯಲಿಲ್ಲ.

ಮೊದಲು ಸ್ಟೇರಿಂಗಿಗೆ ಅಡ್ಡಲಾಗಿ ಒಂದು ಕಬ್ಬಿಣದ ಸರಳು ಬಂತು, ಹಳದಿ ಬಣ್ಣದ್ದು. ಹಳದಿ ಯಾಕೆಂದರೆ ಕಳ್ಳನಿಗೆ ಹೊರಗಿನಿಂದಲೇ ಕಾಣಬೇಕು, ಕಂಡು ಬೇಸರವಾಗಿ ಬೇರೆ ಕಾರು ಹುಡುಕಬೇಕು. ಆಮೇಲೆ ಎಲ್ಲ ಗಾಜುಗಳ ಮೂಲೆಯಲ್ಲಿ ಗಾಡಿಯ ನಂಬರು ಕೆತ್ತಿಸಿದರು. ಆರೂ ಗಾಜು ಬದಲಿಸುವ ತ್ರಾಸು ಯಾವ ಕಳ್ಳನೂ ತಗೊಳ್ಳುವುದಿಲ್ಲವಂತೆ. ಗಾಡಿಯ ಕಾಗದಪತ್ರ ಎಂದೂ ಒಳಗೆ ಇಡುತ್ತಿರಲಿಲ್ಲ. ನಿಲ್ಲಿಸುವಾಗ ಮುಂದಿನ ಗಾಲಿಗಳನ್ನು ಪೂರಾ ಗೋಡೆಯ ಕಡೆ ತಿರುಗಿಸುವುದು, ಎಳೆದೊಯ್ಯಲು ಬಾರದಂತೆ. ಸೀಟಿನ ಮೇಲೆ ಚೀಲವಿರಲಿ, ಕರವಸ್ತ್ರ ಕೂಡ ಬಿಡಬಾರದು. ಬೆಳಕಿನ ಕೆಳಗೇ ನಿಲ್ಲಿಸಬೇಕು ಎಂದು ವಾರ್ಡಿನ ಮೆಂಬರನ ಮನೆಗೆ ಎಡತಾಕಿ ಎಡತಾಕಿ ನಮ್ಮ ಓಣಿಗೆ ಒಂದು ಕಂಬದ ದೀಪ ಹಾಕಿಸಿದರು. ಅದನ್ನು ಮರೆಯಬಾರದು. ಆ ದೀಪದಿಂದ ನಮ್ಮ ಬಾಗಿಲಿಗೂ ಬೆಳಕಾಯಿತು. ಶಿವ ಯಾರ ಕೈಯಿಂದ ಕೊಡಿಸಿದರೂ ಬೆಳಕು ಬೆಳಕೇ.

"ಕೀಲಿ ಹಾಕೋದು ಕಳ್ಳನ್ನ ತಡಿಯಾಕಲ್ರಿ," ಎಂಬುದು ಅವರ ಮುಖ್ಯ ಉಪದೇಶ. ನನಗೆ, ಹಾಲಿನವನಿಗೆ, ಲಗ್ನಪತ್ರಿಕೆ ಕೊಡಲು ಬಂದವರಿಗೆ, ಎಲ್ಲರಿಗೂ ಇದೇ. "ಯಾವ ಕೀಲಿನೂ ಒಡೀತದ. ಕೀಲಿ ಮ್ಯಾಲ ಕೀಲಿ ಹಾಕಿ ಅವನ ಹೊತ್ತು ಹಾಳ ಮಾಡಬೇಕು. ಹೊತ್ತು ಹಾಳಾತು ಅಂದ್ರ ಅಂಜತಾನ, ಬಿಟ್ಟು ಹೋಗತಾನ."

ಇಷ್ಟೆಲ್ಲ ಕಾದ ಕಾರು ಓಡಿದ್ದು ಎಷ್ಟು? ರವಿವಾರ ಹತ್ತು ನಿಮಿಷ ಚಾಲೂ ಮಾಡಿ ನಿಲ್ಲಿಸುತ್ತಿದ್ದರು. ಮಹಾನವಮಿಗೆ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರೆ ಮುಂದಕ್ಕೆ ಒಂದು ಗೇಣು, ಹಣ್ಣು ಪಚಕ್ ಎಂದ ಕೂಡಲೇ ಹಿಂದಕ್ಕೆ ಒಂದು ಗೇಣು, ಮತ್ತೆ ಗಾಲಿಗೆ ಸರಪಳಿ, ಬೀಗ. ಒಮ್ಮೆ ಮಾತ್ರ ನಮ್ಮಿಬ್ಬರನ್ನೂ ಕೂರಿಸಿಕೊಂಡು ಯಾದಗಿರಿಗೆ ಒಂದು ಮದುವೆಗೆ ಹೋದರು. ಮಂಟಪದ ಊಟದ ಪಂಕ್ತಿಯಲ್ಲಿ ಕಿಟಕಿಯ ಬದಿಗೇ ಜಾಗ ಬೇಕೆಂದು ಒಬ್ಬ ಮುದುಕಿಯನ್ನು ಎಬ್ಬಿಸಿದರು. ಹುಗ್ಗಿ ಬಡಿಸಿದಾಗ ಒಂದು ಸಲ ಎದ್ದು ಹೋಗಿ ಕಾರು ನೋಡಿ ಬಂದರು, ಅನ್ನಕ್ಕೆ ಇನ್ನೊಂದು ಸಲ. ಮಜ್ಜಿಗೆಯ ಹೊತ್ತಿಗೆ ಹೋದವರು ಬರಲೇ ಇಲ್ಲ. ಅವರ ಹೆಂಡತಿ ಎಲೆ ಮಡಚುತ್ತಾ ನನ್ನ ಕಿವಿಯಲ್ಲಿ, "ನನ್ನ ಲಗ್ನದಾಗೂ ಹಿಂಗೇ ಎದ್ದು ಹೋಗಿದ್ರ ಚಲೋ ಇತ್ತು ತಂಗೆವ್ವ, ವಾಪಸ್ ಬರದಂಗ," ಎಂದಳು. ನಾವಿಬ್ಬರೂ ಸೆರಗು ಬಾಯಿಗೆ ಹಿಡಿದು ನಕ್ಕೆವು.

ಅವಳನ್ನು ನಾನು ಅಕ್ಕ ಎಂದೇ ಕರೆಯುವುದು. ಸುರಪುರದ ಮನೆತನ, ಕೈ ಬಹಳ ಶುದ್ಧ. ನಮ್ಮಿಬ್ಬರ ಮನೆಗಳ ನಡುವೆ ಎದೆಮಟ್ಟದ ಗೋಡೆ. ಆ ಗೋಡೆಯ ಮೇಲೆ ವರ್ಷಗಟ್ಟಲೆ ಹೆಪ್ಪಿನ ಬಟ್ಟಲು ಓಡಾಡಿದೆ. ನಮ್ಮ ಮೊಸರು ಮುಗಿದ ದಿನ ಅವಳ ಹೆಪ್ಪು, ಅವಳದು ಹುಳಿಯಾದ ದಿನ ನನ್ನದು. ಎರಡೂ ಮನೆಯ ಮೊಸರು ಒಂದೇ ಕುಲದ್ದಾಗಿ ಹೋಗಿತ್ತು.

ಆಮೇಲೆ ಸಾಹೇಬರು ಪೆಟ್ರೋಲು ಹರಿಯುವುದನ್ನು ನಿಲ್ಲಿಸುವ ಒಂದು ಕಳ್ಳ ಸ್ವಿಚ್ಚನ್ನು ಚಾಚಾನ ಕೈಯಿಂದ ಹಾಕಿಸಿದರು. ಅದನ್ನು ಒತ್ತದೆ ಗಾಡಿ ನಾಲ್ಕು ಮಾರು ಕೂಡ ಹೋಗುವುದಿಲ್ಲ. ಎಂಟು ದಿನದ ಮೇಲೆ ತಾವೇ ಬಾಗಿಲು ಹಾಕಿಕೊಂಡು, ತಂತಿ ಕಿತ್ತು, ಅದರ ಜಾಗ ಬದಲಿಸಿದರು. ಯಾಕೆಂದರೆ ಹಾಕಿದವನಿಗೆ ಜಾಗ ಗೊತ್ತಿರುತ್ತದಲ್ಲ. ಚಾಚಾ ಬಹಳ ನೊಂದುಕೊಂಡ.

"ಕ್ಯಾ ಸಾಬ್, ಹಮೀಚ್ ಲಗಾಯೇ, ಹಮನಾಚ್ ಛುಪಾತೇ? ನಾನೇ ಹಾಕಿದ್ದನ್ನ ನನಗೇ ಮುಚ್ಚಿಡ್ತೀರೇನ್ರಿ? ಮೂವತ್ತು ವರ್ಷದಿಂದ ಈ ಓಣಿಯೊಳಗ ಮಂದಿ ಗಾಡಿ ಮುಟ್ಟಾಕತ್ತೀನಿ ನಾ."

"ಬ್ಯಾಸರ ಮಾಡ್ಕೋಬ್ಯಾಡ ಚಾಚಾ. ನಿನ್ನ ಮ್ಯಾಲ ನಂಬಿಗಿ ಅದ. ಆದ್ರ ನಂಬಿಗಿಗೆ ಕೀಲಿ ಇರಂಗಿಲ್ಲ ನೋಡು."

ಒಂದು ದಿನ ಮುಂಜಾನೆ ಎದ್ದು ನೋಡಿದರೆ ಖರೇನೇ ಕಳವಾಗಿತ್ತು. ಕಾರಲ್ಲ, ಕಾರಿನ ಸರಪಳಿ. ಹಿತ್ತಾಳೆಯ ಬೀಗದ ಸಮೇತ ಸರಪಳಿ ಬಿಚ್ಚಿಕೊಂಡು, ಕಾರನ್ನು ಇದ್ದಲ್ಲಿಯೇ ಬಿಟ್ಟು ಹೋಗಿದ್ದರು. ಪೊಲೀಸಿನವನೊಬ್ಬ ಬಂದು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಮೀಸೆಯೊಳಗೆ ನಕ್ಕು, "ಕಳ್ಳ ಶಾಣ್ಯಾ ಅದಾನ್ರಿ, ಬೆಲಿ ಬಾಳೋದನ್ನ ಒಯ್ದಾನ," ಎಂದ. ಸಾಹೇಬರು ಮಧ್ಯಾಹ್ನದ ಊಟ ಮಾಡಲಿಲ್ಲ. ಸರಪಳಿ ಹೋದದ್ದಕ್ಕೆ ಅಲ್ಲ. "ಕಾರ್ ಯಾಕ ಬಿಟ್ಟ್ರು?" ಎಂದು ಎರಡು ದಿನ ಕೇಳುತ್ತಲೇ ಇದ್ದರು. ಮಗಳನ್ನು ನೋಡಲು ಬಂದ ಬೀಗರು ಒಲ್ಲೆವೆಂದು ಹೋದಾಗಲೂ ಆ ಮುಖ ಅಷ್ಟು ಸಣ್ಣದಾಗಿರಲಿಲ್ಲ.

ಆ ಅವಮಾನದಿಂದಲೇ ಮುಂದಿನದೆಲ್ಲ ಆಯಿತು. ಬಾಗಿಲ ಬದಿಯ ಮೊಳೆಗೆ ಚಾವಿ ತೂಗುಹಾಕಿದ್ದೇ ತಪ್ಪು, ಹೊರಗೆ ನಿಂತವನಿಗೂ ಕಾಣುತ್ತದೆ ಎಂದರು. ಗೋದಾಮಿನ ಹರಾಜಿನಲ್ಲಿ ಕೊಂಡ ಆನೆ ಕಟ್ಟುವಂಥ ಸರಪಳಿ ತಂದು ಗೇಟಿನ ಕಂಬಕ್ಕೆ ಬಿಗಿದರು. ಕಾರನ್ನು ಗೇಟಿನ ಬಾಯಿಗೇ ಅಡ್ಡ ನಿಲ್ಲಿಸಿದರು. ಮನೆಯವರು ಅಡ್ಡಡ್ಡ ಮೈ ಮಾಡಿಕೊಂಡು ಒಳಗೆ ಹೊರಗೆ ಹೋಗಬೇಕು. ಎರಡು ಚಾವಿ ಅಂದರೆ ಇಬ್ಬರು ಕಳ್ಳರು ಎಂದು ಇದ್ದೊಂದು ನಕಲು ಚಾವಿಯನ್ನು ಕೆರೆಗೆ ಎಸೆದು ಬಂದರು. ಉಳಿದ ಗೊಂಚಲನ್ನು ಶುಭ್ರ ಕರವಸ್ತ್ರದಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದರು.

"ಇದನ್ನ ನಿಮ್ಮ ಜಗುಲಿ ಮ್ಯಾಲ ಇಡ್ರಿ. ದೇವರ ಮುಂದ ಕಳ್ಳ ಕೈ ಹಾಕಂಗಿಲ್ಲ."

"ನಿಮ್ಮ ಮನ್ಯಾಗೂ ದೇವರದಾನಲ್ರಿ?"

"ಅದಾನ. ಆದ್ರ ನಮ್ಮ ಮನ್ಯಾಗ ಮಂದೀನೂ ಅದಾರ."

ಆ ಮಂದಿ ಅಂದರೆ ಅಕ್ಕ ಒಬ್ಬಳೇ. ಮಗಳು ಮದುವೆಯಾಗಿ ಯಾದಗಿರಿಗೆ ಹೋಗಿದ್ದಳು. ಅದು ನನಗೆ ಅವತ್ತು ಹೊಳೆಯಲಿಲ್ಲ. ಹೊಳೆದದ್ದು ಬೇರೆ. ಇಡೀ ಓಣಿಯಲ್ಲಿ ನನ್ನ ಭಕ್ತಿಯ ಮೇಲೆ ಇವರಿಗೆ ಇಷ್ಟು ಭರವಸೆ ಇದೆಯಲ್ಲ ಎಂದು ಎದೆ ಉಬ್ಬಿತು. ಹೇಳಲು ನಾಚಿಕೆಯಾದರೂ ಅದೇ ನಿಜ.

"ನಾ ನನ್ನ ಬಾಯಿಲೆ ಕೇಳೋತನಕ ಯಾರಿಗೂ ಕೊಡಂಗಿಲ್ಲ ಅಂತ ವಿಭೂತಿ ಮುಟ್ಟಿ ಹೇಳ್ರಿ," ಎಂದರು.

ಮುಟ್ಟಿ ಹೇಳಿದೆ.

ಆರು ತಿಂಗಳಾಗಿರಬೇಕು. ಬೇಸಿಗೆ. ಬಸ್ಸಿನವರ ಮುಷ್ಕರ, ನಿಲ್ದಾಣದಲ್ಲಿ ನಾಯಿಗಳು ಮಲಗಿದ್ದವು. ಸಾಹೇಬರು ಪಿಂಚಣಿಯ ಯಾವುದೋ ಕಾಗದಕ್ಕೆಂದು ಹಿಂದಿನ ದಿನವೇ ಕಲಬುರಗಿಗೆ ಹೋಗಿ ಅಲ್ಲೇ ಸಿಕ್ಕಿಬಿದ್ದಿದ್ದರು. ಕಾರು ಒಯ್ದಿರಲಿಲ್ಲ, ದೊಡ್ಡ ಊರಲ್ಲಿ ಕಳ್ಳರು ದೊಡ್ಡವರು. ನಾನು ಲಿಂಗಪೂಜೆಗೆ ಕೂತಿದ್ದೆ. ಪೂಜೆಯಲ್ಲಿ ನಾನು ಮಾತಾಡುವುದಿಲ್ಲ, ಏಳುವುದೂ ಇಲ್ಲ. ಅಕ್ಕ ಬಂದು ಹೊಸ್ತಿಲಲ್ಲಿ ನಿಂತಳು. ಅವಳ ಉಸಿರು ಕೇಳುತ್ತಿತ್ತು. ಚಾವಿ ಜಗುಲಿಯ ಮೇಲೆ ಅವಳ ಕಣ್ಣೆದುರಿಗೇ ಇತ್ತು, ನಾಲ್ಕು ಹೆಜ್ಜೆ ಇಟ್ಟು ಕೈ ಚಾಚಿದ್ದರೆ ಸಿಗುತ್ತಿತ್ತು. ನನ್ನ ಕೈಯಲ್ಲಿ ಲಿಂಗ, ಬಾಯಿ ಬಂದ್, ಅವಳನ್ನು ತಡೆಯುವವರು ಯಾರೂ ಇರಲಿಲ್ಲ. ಅವಳು ಚಾಚಲಿಲ್ಲ. ಪೂಜೆ ಮುಗಿಯುವವರೆಗೆ ಕಾದಳು.

"ತಂಗೆವ್ವ, ನಮ್ಮವ್ವ ಬಚ್ಚಲದಾಗ ಬಿದ್ದಾಳಂತ. ನನ್ನ ಹೆಸರ ಹಿಡದು ಕರಿಯಾಕತ್ತಾಳಂತ. ಬಸ್ ಬಂದ್ ಅದಾವ. ಚಾಚಾ ಸುರಪುರತನಕ ಕಾರ್ ಹೊಡಿತೀನಿ ಅಂದಾನ. ಚಾವಿ ಕೊಡವ್ವ."

"ಸಾಹೇಬ್ರಿಗೆ ಒಂದು ಫೋನ್ ಹಚ್ಚು ಅಕ್ಕಾ."

"ಹಚ್ಚೀನಿ. ಚಾಚಾನ ಕೈಯಾಗ ಕೊಟ್ರ ಸ್ವಿಚ್ ಎಲ್ಲದ ಅಂತ ನೋಡಿಬಿಡ್ತಾನ, ನಾಳಿ ನಾನೇ ಬಂದು ಒಯ್ತೀನಿ ಅಂದ್ರು."

ನಾನು ಜಗುಲಿ ನೋಡಿದೆ, ಅವಳ ಮುಖ ನೋಡಲಿಲ್ಲ.

"ನಾ ವಿಭೂತಿ ಮುಟ್ಟೀನಿ ಅಕ್ಕಾ."

"ಹೌದೇನು. ವಿಭೂತಿ ಮುಟ್ಟಿದ್ರ ಆತು ಬಿಡು," ಎಂದು ಹೋದಳು.

ಮೂರು ಟಂಟಂ ಆಟೋ ಬದಲಿಸಿ, ನಡುವೆ ಬಿಸಿಲಲ್ಲಿ ನಡೆದು, ಸುರಪುರ ಮುಟ್ಟುವ ಹೊತ್ತಿಗೆ ದೀಪ ಹಚ್ಚಿದ್ದರಂತೆ. ಮಧ್ಯಾಹ್ನದವರೆಗೂ ಮಗಳ ಹೆಸರು ಹೇಳುತ್ತಿದ್ದ ಮುದುಕಿಗೆ ಆಮೇಲೆ ಬಾಯಿ ನಿಂತುಹೋಗಿತ್ತು. ಕಣ್ಣು ತೆರೆದೇ ಇದ್ದವು, ಗುರುತು ಹತ್ತಿತೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಎರಡು ದಿನ ಹಾಗೇ ಇದ್ದು ಹೋದಳು. ಎರಡು ದಿನ ಕೈ ಹಿಡಿದು ಕೂರಲು ಸಿಕ್ಕಿತಲ್ಲ, ಶಿವನ ದಯೆ ಎಂದುಕೊಳ್ಳಲು ನೋಡಿದೆ. ಬೇರೆ ಎಲ್ಲದಕ್ಕೂ ಸಲೀಸಾಗಿ ಬರುವ ಮಾತು ಅದೊಂದಕ್ಕೆ ಬಾಯಿಗೆ ಬರಲಿಲ್ಲ.

ಸಾಹೇಬರು ಒಂದು ತೆಂಗಿನಕಾಯಿ ಹಿಡಿದುಕೊಂಡು ನಮ್ಮ ಮನೆಗೆ ಬಂದರು. "ಖರೇ ಭಕ್ತಿ ಅಂದ್ರ ನಿಮ್ದು ನೋಡ್ರಿ," ಎಂದರು. ಚಾವಿ ವಾಪಸು ಒಯ್ಯಿರಿ ಎಂದೆ. "ಪರೀಕ್ಷಾದಾಗ ಪಾಸಾದವರನ್ನ ಬಿಟ್ಟು ಬ್ಯಾರೆ ಯಾರನ್ನ ಹುಡುಕಲಿ?" ಎಂದು ತೆಂಗಿನಕಾಯಿಯನ್ನು ಚಾವಿಯ ಬದಿಗೆ ಇಟ್ಟು ಹೋದರು.

ಅಕ್ಕ ಜಗಳ ಮಾಡಲಿಲ್ಲ. ಮಾಡಿದ್ದರೆ ನಾನೂ ನಾಲ್ಕು ಮಾತಾಡಿ, ಅತ್ತು, ಮುಗಿಸುತ್ತಿದ್ದೆ. ಗೋಡೆಯ ಮೇಲೆ ಹೆಪ್ಪಿನ ಬಟ್ಟಲು ಬರುವುದು ನಿಂತಿತು, ಅಷ್ಟೇ. ನಾನು ಒಮ್ಮೆ ಇಟ್ಟೆ. ಸಂಜೆಯವರೆಗೆ ಇಟ್ಟಲ್ಲೇ ಇತ್ತು, ಇರುವೆ ಮುತ್ತಿದ್ದವು. ಆಮೇಲೆ ಅವಳು ಅಂಗಡಿಯ ಪಾಕೀಟಿನ ಮೊಸರಿನಿಂದ ಹೆಪ್ಪು ಹಾಕುತ್ತಾಳೆ ಎಂದು ಹಾಲಿನವನಿಂದ ತಿಳಿಯಿತು. ನಾಲ್ಕು ವರ್ಷ. ದಿನಾ ಮುಂಜಾನೆ ಅವಳು ಒದ್ದೆ ಬಟ್ಟೆ ಹಿಡಿದು ಆ ಕಾರನ್ನು ಒಳಗೆ ಹೊರಗೆ ಒರೆಸುವುದು ನಮ್ಮ ಅಡಿಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು. ಅವಳಿಗೆ ಬಾಗಿಲು ತೆಗೆದುಕೊಟ್ಟು ಸಾಹೇಬರು ಬದಿಗೇ ನಿಂತಿರುತ್ತಿದ್ದರು. ಒರೆಸಿದ ಮೇಲೆ ಮತ್ತೆ ನಮ್ಮ ಮನೆಗೆ ಬಂದು ಚಾವಿ ಇಟ್ಟು ಹೋಗುತ್ತಿದ್ದರು.

ಆ ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ಯಾದಗಿರಿಯಿಂದ ಗಾಡಿ ಬಂತು. ಹಿಂದಿನ ವಾರ ಮಗಳ ಮನೆಗೆ ಸಾಹೇಬರೊಬ್ಬರೇ ಬಸ್ಸಿಗೆ ಹೋಗಿದ್ದರು. ಈಗ ಆಸ್ಪತ್ರೆಯ ಬಿಳಿ ಗಾಡಿಯಲ್ಲಿ ಮಲಗಿ ಬಂದರು. ಊರ ಬದಿಯ ಬೆಟ್ಟದ ಬಂಡೆಗಳು ಕಾದು ಓಣಿಗೆಲ್ಲ ಕಾವು ಉಗುಳುತ್ತಿದ್ದವು. ನಾಲ್ಕು ಜನ ಅವರನ್ನು ಎತ್ತಿಕೊಂಡು ಗೇಟಿನವರೆಗೆ ಬಂದರು, ನಿಂತರು. ಗೇಟಿನ ಬಾಯಲ್ಲಿ ಕಾರು. ಬದಿಯಲ್ಲಿ ಒಬ್ಬ ಮನುಷ್ಯ ಅಡ್ಡಡ್ಡ ಹೋಗುವಷ್ಟು ಸಂದಿ.

ತಳ್ಳಿ ನೋಡಿದರು. ಗಾಲಿಗಳು ಗೋಡೆಗೆ ತಿರುಗಿದ್ದವು. ಎಂಟು ಜನ ಸೇರಿ ಎತ್ತಿ ನೋಡಿದರು. ಸರಪಳಿ ಜಗ್ಗಿ ಕಂಬದ ಸಿಮೆಂಟಿನ ಗಿಲಾವು ಉದುರಿತು. ಗೋಡೆಯ ಮೇಲಿನಿಂದ ದಾಟಿಸೋಣವೇ ಎಂದ ಒಬ್ಬ, ಬಾಳೆಗೊನೆಯೇನು ಅದು ಎಂದು ಬೈಸಿಕೊಂಡ. ಚಾಚಾ ಗರಗಸ ತಂದು ಸರಪಳಿ ಕೊಯ್ಯುತ್ತಾ ಕೂತ. ಬೆವರು ಸುರಿಸಿ ಸುರಿಸಿ ಕೊನೆಗೆ, "ಒಂದು ತಾಸು ಬೇಕು ಸಾಬ್," ಎಂದು ಸತ್ತವರಿಗೇ ಹೇಳಿದ. ಅವರು ಮಾತ್ರ ಬಿಸಿಲಲ್ಲಿ, ಕೊಡೆಯ ನೆರಳಲ್ಲಿ, ತಮ್ಮ ಮನೆಯ ಮುಂದೆಯೇ ಹೊರಗೆ ಮಲಗಿದ್ದರು. ಕೀಲಿಯ ಮೇಲೆ ಕೀಲಿ ಹಾಕಿ ಯಾರ ಹೊತ್ತು ಹಾಳು ಮಾಡಬೇಕೆಂದಿದ್ದರೋ ಅವನು ಎಂದೂ ಬರಲಿಲ್ಲ. ಹಾಳಾಗುತ್ತಿದ್ದದ್ದು ಅವರದೇ ಹೊತ್ತು.

"ಚಾವಿ ಎಲ್ಲದ?" ಎಂದು ಯಾರೋ ಕೂಗಿದರು. ಓಣಿಗೆ ಓಣಿಯೇ ನನ್ನ ಕಡೆ ತಿರುಗಿತು.

ನಾನು ಒಳಗೆ ಬಂದೆ. ಬೆಳಿಗ್ಗೆ ತಿಕ್ಕಿ ಒರೆಸಿಟ್ಟ ಚಾವಿ ಜಗುಲಿಯ ಮೇಲೆ ಹೊಳೆಯುತ್ತಿತ್ತು. ನಮ್ಮ ಮನೆಯವರು ಹಿಂದೆಯೇ ಬಂದು, "ಏನ್ ನೋಡ್ತಿ? ಆಣಿ ಅವರ ಸಂಗಟ ಹೋತು," ಎಂದರು. ಹೋಗಿರಲಿಲ್ಲ. ಅವರ ಬಾಯಿಂದಲೇ ಕೇಳಬೇಕು ಎಂದಿತ್ತು ಮಾತು, ಆ ಬಾಯಿ ಇನ್ನು ಕೇಳುವುದಿಲ್ಲ. ಆಣೆ ಮುರಿಯಲೇಬೇಕು. ಅವರ ಹೆಣಕ್ಕೆ ಮುರಿಯಬಹುದಾದ ಆಣೆಯನ್ನು ಅಕ್ಕನ ಅವ್ವನ ಉಸಿರಿಗೆ ಮುರಿಯಲಿಲ್ಲವಲ್ಲ ಎಂಬುದು ಆಗ, ಜಗುಲಿಯ ಮುಂದೆ, ನೆತ್ತಿಗೆ ಏರಿತು. ಚಾವಿ ತೆಗೆದುಕೊಂಡೆ. ಜಗುಲಿ ಇದ್ದ ಹಾಗೇ ಇತ್ತು. ಶಿವ ಏನೂ ಅನ್ನಲಿಲ್ಲ. ನಾಲ್ಕು ವರ್ಷದ ಹಿಂದೆಯೂ ಏನೂ ಅನ್ನುತ್ತಿರಲಿಲ್ಲ.

ಗೇಟಿನಲ್ಲಿ ಗಂಡಸರು ಕೈ ಚಾಚಿದರು. ನಾನು ಕೊಡಲಿಲ್ಲ. ಸಂದಿಯಲ್ಲಿ ಅಡ್ಡ ಮೈ ಮಾಡಿಕೊಂಡು ಒಳಗೆ ಹೋದೆ. ಪಡಸಾಲೆಯಲ್ಲಿ ಹೆಂಗಸರ ನಡುವೆ ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಅವಳ ಅಂಗೈ ಬಿಡಿಸಿ ಚಾವಿ ಇಟ್ಟೆ.

ಅವಳು ಚಾವಿ ನೋಡಿದಳು, ನನ್ನನ್ನು ನೋಡಿದಳು.

"ಇವತ್ತ ಕೊಟ್ಟಿ, ತಂಗೆವ್ವ?"

ನಾಲ್ಕು ವರ್ಷದಲ್ಲಿ ನನ್ನ ಜೊತೆ ಆಡಿದ ಮೊದಲ ಮಾತು.

ಅಕ್ಕ ಎದ್ದಳು. ತಾನೇ ಗೇಟಿಗೆ ನಡೆದು, ಸರಪಳಿಯ ಬೀಗ ತೆಗೆದಳು, ಬಾಗಿಲು ತೆಗೆದಳು, ಹಳದಿ ಸರಳು ಬಿಚ್ಚಿ ಹಿಂದಿನ ಸೀಟಿಗೆ ಎಸೆದಳು. ಚಾಚಾ ಕೂತು ಚಾವಿ ತಿರುಗಿಸಿದ. ಕಾರು ಗುರ್ ಎಂದು, ಕೆಮ್ಮಿ, ನಿಂತಿತು. ಸ್ವಿಚ್ಚು ಎಲ್ಲಿದೆಯೋ ಎಂದು ಅವನು ಸೀಟಿನ ಕೆಳಗೆ ತಡಕಾಡತೊಡಗಿದ.

"ಅಲ್ಲಿ ಅಲ್ಲ," ಎಂದಳು ಅಕ್ಕ. "ಬೀಡಿ ಬೂದಿ ಡಬ್ಬಿ ಜಗ್ಗು, ಅದರ ಹಿಂದ ಅದ. ನಾಲ್ಕು ವರ್ಷ ದಿನಾ ಧೂಳ ಒರಸೀನಿ, ನನಗ ಗೊತ್ತಿಲ್ಲೇನು?"

ಕಾರು ಹಿಂದಕ್ಕೆ ಸರಿಯಿತು. ಸಾಹೇಬರು ಒಳಗೆ ಹೋದರು.

ನಾನು ಅಲ್ಲೇ ಕಂಬ ಹಿಡಿದು ನಿಂತಿದ್ದೆ. ಸರಪಳಿ ಚಾಚಾ ಕೊಯ್ಯಬಲ್ಲವನಾಗಿದ್ದ, ಸರಳು ಮುರಿಯಬಹುದಾಗಿತ್ತು, ಸ್ವಿಚ್ಚು ಅಕ್ಕನಿಗೆ ಗೊತ್ತೇ ಇತ್ತು. ಆ ಮನುಷ್ಯ ಆ ಕಾರಿಗೆ ಹಾಕಿದ ಕೀಲಿಗಳಲ್ಲಿ ಒಂದೇ ಒಂದು ಗಟ್ಟಿಯಾಗಿತ್ತು. ಅದು ದಿನಾ ಮುಂಜಾನೆ ವಿಭೂತಿ ಹಚ್ಚಿಕೊಳ್ಳುತ್ತಿತ್ತು.

ಸಂಜೆ ಮಣ್ಣು ಮುಗಿಸಿ ಎಲ್ಲರೂ ಬಂದು ಸ್ನಾನ ಮಾಡಿದರು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅವತ್ತಿನ ರೊಟ್ಟಿ ನೆರೆಯವರದು. ನಾನು ಜೋಳದ ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಗೋಡೆಯ ಆಚೆಯಿಂದ ದನಿ ಬಂತು.

"ತಂಗೆವ್ವ."

ಎದ್ದು ಹೋದೆ. ಗೋಡೆಯ ಮೇಲೆ ಅಕ್ಕನ ಹಳೆಯ ಹೆಪ್ಪಿನ ಬಟ್ಟಲು ಇತ್ತು, ತೊಳೆದು ಬೋರಲು ಹಾಕಿದ್ದು.

"ರೊಟ್ಟಿ ಸಂಗಟ ಮೊಸರ ಕಳಸು. ಮಗಳು ಮುಂಜಾನಿಂದ ಏನೂ ತಿಂದಿಲ್ಲ. ನಮ್ಮ ಮನಿದು ಬಾಯಾಗ ಇಡಾಕ ಆಗಂಗಿಲ್ಲ. ಆ ಪಾಕೀಟಿನ ಹೆಪ್ಪು ಒಂದು ದಿನಾನೂ ನೆಟ್ಟಗ ಕೂಡಲಿಲ್ಲ ನೋಡು."

ಅಷ್ಟು ಹೇಳಿ ಒಳಗೆ ಹೋದಳು. ಕ್ಷಮಿಸಿದ್ದೇನೆ ಎಂದು ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಇರಲಿಲ್ಲ. ಬಟ್ಟಲು ಬಂದಿದೆ, ಇವತ್ತಿಗೆ ಅಷ್ಟು ಸಾಕು.

ಇದ್ದ ಮೊಸರನ್ನೆಲ್ಲ ಅಕ್ಕನ ಬಟ್ಟಲಿಗೆ ಬಗ್ಗಿಸಿದೆ. ತಳದಲ್ಲಿ ಉಳಿದ ಒಂದು ಚಮಚೆಯನ್ನು ನಾಳಿನ ಹೆಪ್ಪಿಗೆಂದು ತೆಗೆದಿಟ್ಟು, ಒಂದು ಒಲೆಯ ಮೇಲೆ ಹಾಲು, ಇನ್ನೊಂದರ ಮೇಲೆ ರೊಟ್ಟಿಗೆ ಎಸರು ಇಟ್ಟೆ.